ಎಂ.ಎ. ಅರ್ಥಶಾಸ್ತ್ರದಲ್ಲಿ ಲೆಕ್ಕ ಎಷ್ಟು?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಪಿಯುಸಿಯಲ್ಲಿ ಗಣಿತ ತಗೊಂಡಿರಲಿಲ್ಲ. ದೆಹಲಿ ಇಲ್ಲವೇ ಹೈದರಾಬಾದಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುವ ಆಸೆ. ಅಲ್ಲಿ ಪಾಠವೆಲ್ಲ ಬರೀ ಲೆಕ್ಕವೇ ಅಂತಾರೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಬರೀ ಲೆಕ್ಕವಲ್ಲ, ಆದರೆ ಮೊದಲ ಸೆಮಿಸ್ಟರಿನಲ್ಲಿ ಕೈಹಿಡಿಯುವುದೂ ಕೈಬಿಡುವುದೂ ಅದೇ. ದ್ವಿತೀಯ ಪಿಯುಸಿಯ ಗಣಿತ ಪುಸ್ತಕ ತನ್ನಿ. ಅವಕಲನ (ಡಿಫರೆನ್ಷಿಯೇಷನ್), ಅದರ ಅನ್ವಯ, ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಸಂಭವನೀಯತೆ ಬಿಡಬೇಡಿ. ವಿಲೋಮ ತ್ರಿಕೋನಮಿತಿ ಸದ್ಯಕ್ಕೆ ಬೇಡ. ಆ ಪುಸ್ತಕದಲ್ಲಿ ಇಲ್ಲದ್ದು ಆಂಶಿಕ ಅವಕಲನ. ಒಂದು ಚಲಕ ಕದಲಿಸಿ ಉಳಿದದ್ದನ್ನು ಹಾಗೇ ಇಡುವುದಷ್ಟೇ, ವಾರದಲ್ಲಿ ಬರುತ್ತದೆ.

ಆಮೇಲೆ ಲಗ್ರಾಂಜ್ ಗುಣಕ, ಅಂದರೆ ಇರುವ ಮಿತಿಯೊಳಗೆ ಅತಿ ಹೆಚ್ಚು ಪಡೆಯುವುದು ಹೇಗೆಂದು ಹುಡುಕುವ ವಿಧಾನ. ನಿಮ್ಮ ಕಾಲುವೆಯ ಲೆಕ್ಕವನ್ನೇ ಹಿಡಿಯಿರಿ. ರೈತನ ಪಾಲಿನ ನೀರು 100 ಯೂನಿಟ್. ಭತ್ತಕ್ಕೆ 'ಭ' ಯೂನಿಟ್ ಬಿಟ್ಟರೆ ಆದಾಯ 12√ಭ ಸಾವಿರ ರೂಪಾಯಿ, ಹತ್ತಿಗೆ 'ಹ' ಬಿಟ್ಟರೆ 16√ಹ ಸಾವಿರ ಎಂದುಕೊಳ್ಳಿ. ಕೊನೆಯ ಯೂನಿಟ್ ನೀರಿನಿಂದ ಬರುವ ಆದಾಯ ಎರಡೂ ಬೆಳೆಯಲ್ಲಿ ಸಮವಾಗಬೇಕು; ಅವಕಲನ ತೆಗೆದರೆ 6/√ಭ = 8/√ಹ. ಎರಡೂ ಸೇರಿ 100 ಆಗಬೇಕಾದ್ದರಿಂದ ಭತ್ತಕ್ಕೆ 36, ಹತ್ತಿಗೆ 64; ಒಟ್ಟು ಆದಾಯ 72 + 128 = 200 ಸಾವಿರ. ಕೊನೆಯ ಯೂನಿಟ್‌ನ ಆ ಸಮವಾದ ಆದಾಯ 1 ಸಾವಿರ (6/6 = 8/8), ಅದೇ ಲಗ್ರಾಂಜ್ ಗುಣಕ; ಅದನ್ನು ಬರೆಯುವ ಗ್ರೀಕ್ ಅಕ್ಷರ ಲ್ಯಾಮ್ಡಾ (λ). ನೀರು 101 ಯೂನಿಟ್ ಆದರೆ ಆದಾಯ 200.998 ಸಾವಿರ, ಅಂದರೆ ಹೆಚ್ಚುಕಮ್ಮಿ ಒಂದು ಸಾವಿರ ಜಾಸ್ತಿ. ಇನ್ನೊಂದು ಯೂನಿಟ್ ನೀರಿಗೆ ಆ ರೈತ ಎಷ್ಟರ ತನಕ ಕೊಡಬಹುದು ಎಂಬುದನ್ನು ಲ್ಯಾಮ್ಡಾ ಹೇಳುತ್ತಿದೆ. ಬಹಳ ಮಂದಿ ಉತ್ತರ ತೆಗೆದು ಲ್ಯಾಮ್ಡಾವನ್ನು ಕಸದಂತೆ ಬಿಟ್ಟುಬಿಡುತ್ತಾರೆ. ಅರ್ಥಶಾಸ್ತ್ರ ಇರುವುದೇ ಅಲ್ಲಿ.

ಎಡವುವ ಜಾಗ ಇನ್ನೊಂದಿದೆ. ಆದಾಯ ಭ² + ಹ² ಎಂದಿದ್ದರೆ ಇದೇ ವಿಧಾನ 50–50 ಎನ್ನುತ್ತದೆ, ಆದಾಯ 5,000. ನೀರೆಲ್ಲ ಒಂದೇ ಬೆಳೆಗೆ ಬಿಟ್ಟರೆ 10,000! ವಿಧಾನ ಹಿಡಿದುಕೊಟ್ಟದ್ದು ಅತಿ ಕಡಿಮೆಯ ಬಿಂದುವನ್ನು. ಆದ್ದರಿಂದ ಎರಡನೇ ಅವಕಲನ ನೋಡದೆ, ಎರಡೂ ತುದಿ ಪರೀಕ್ಷಿಸದೆ ಉತ್ತರದ ಕೆಳಗೆ ಗೆರೆ ಎಳೆಯಬೇಡಿ.

ಪ್ರವೇಶದ ಮಾತು: ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೂ ಹೈದರಾಬಾದ್ ವಿಶ್ವವಿದ್ಯಾಲಯಕ್ಕೂ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಪರಿಮಾಣಾತ್ಮಕ ಅರ್ಥಶಾಸ್ತ್ರದ ಎಂ.ಎಸ್ಸಿ.ಗೆ ಬೇರೆ ಪರೀಕ್ಷೆ, ಗಣಿತ ಬಿಗಿ. ಪಿಯುಸಿಯಲ್ಲಿ ಗಣಿತ ಇಲ್ಲದವರು ಅರ್ಹತೆಯ ಸಾಲನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಬಳ್ಳಾರಿಯ ವಿಎಸ್‌ಕೆ ವಿಶ್ವವಿದ್ಯಾಲಯದಂಥ ಕಡೆ ಕೆಲಸಕ್ಕೆ ಬರುತ್ತದೆ, ದೆಹಲಿಯಲ್ಲಿ ಅಲ್ಲ.

ಪ್ರಶ್ನೆ: ಸೀಟು ಸಿಕ್ಕಿ ಸೇರಿದ್ದೇನೆ. ಕ್ಲಾಸಿನಲ್ಲಿ ನೂರಕ್ಕೂ ಮೇಲೆ ಜನ. ಬೋರ್ಡ್ ಮೇಲೆ ಬಿಡಿಸಿದ್ದು ತಿಳಿಯುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಕಣ್ಣಿಗೆ ತಿಳಿದಿದೆ, ಕೈಗೆ ತಿಳಿದಿಲ್ಲ. ಅದೇ ಸಂಜೆ ನೋಟ್ಸ್ ಮುಚ್ಚಿ, ಬಿಳಿ ಹಾಳೆಯಲ್ಲಿ ಮೊದಲ ಸಾಲಿನಿಂದ ಬಿಡಿಸಿ. ಸಿಕ್ಕಿಕೊಂಡ ಸಾಲಿಗೆ ಗುರುತು ಹಾಕಿ ಟ್ಯುಟೋರಿಯಲ್‌ಗೆ ಒಯ್ಯಿರಿ. 'ಅರ್ಥ ಆಗ್ಲಿಲ್ಲ ಸಾರ್' ಅಂದರೆ ಅವರು ಮತ್ತದೇ ಪಾಠ ಒಪ್ಪಿಸುತ್ತಾರೆ. 'ಮೂರನೇ ಸಾಲಿನ ಲ್ಯಾಮ್ಡಾ ನಾಲ್ಕನೇ ಸಾಲಿನಲ್ಲಿ ಎಲ್ಲಿ ಹೋಯ್ತು ಸಾರ್?' ಎಂದು ಕೇಳಿ. ಒಂದು ಸಮೀಕರಣವನ್ನು ಇನ್ನೊಂದರಿಂದ ಭಾಗಿಸಿದ್ದಾರೆ ಎಂಬುದು ಅರೆ ನಿಮಿಷದಲ್ಲಿ ಬಗೆಹರಿಯುತ್ತದೆ.