ಮತಪತ್ರ ಮಡಚೋದಕ್ಕೂ ಒಂದು ಲೆಕ್ಕ ಇದೆ, ಮೇಡಂ

(ಗ್ರಾಮ ಪಂಚಾಯಿತಿ ಚುನಾವಣೆಗೆ ಮೊದಲ ಸಲ ಪೋಲಿಂಗ್ ಆಫೀಸರ್ ಆಗಿ ಆದೇಶ ಬಂದಿರುವ ಶಿಕ್ಷಕಿಯೊಬ್ಬರು ಕೇಳಿದ್ದಾರೆ: "ಪಂಚಾಯಿತಿ ಅಂದ್ರೆ ಬರೀ ಜಗಳ ಅಂತಾರೆ. ಯಾರನ್ನಾದರೂ ಹಿಡಿದು ಹೆಸರು ತೆಗೆಸಿಕೊಳ್ಳಲಾ?")

ಮೇಡಂ,

ತೆಗೆಸಬೇಡಿ, ಹೋಗಿ ಬನ್ನಿ. ಪತ್ರಿಕೆಗೆ ಬರುವ ಮೊದಲು ನಾನೂ ಮೇಷ್ಟ್ರಾಗಿದ್ದೆ, ನನಗೂ ಮೊದಲ ಡ್ಯೂಟಿ ಪಂಚಾಯಿತಿಯದ್ದೇ. ನಿಮ್ಮ ಹೆದರಿಕೆ ಸುಮ್ನೆ ಅಲ್ಲ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ ಅಂತಾರೆ, ಆದರೆ ಅಲ್ಲಿ ಅಣ್ಣನ ಎದುರು ತಮ್ಮ ನಿಂತಿರುತ್ತಾನೆ, ಇಬ್ಬರ ಏಜೆಂಟರೂ ಒಂದೇ ಬೆಂಚಿನಲ್ಲಿ ಕೂತು ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ. ಎರಡು ಓಟಿನಲ್ಲಿ ಸೋತವರಿದ್ದಾರೆ. ಸಮ ಬಂದರೆ ಚೀಟಿ ಎತ್ತೋದು.

ನಾನು ತಪ್ಪಿದ್ದು ಎಲ್ಲಿ ಗೊತ್ತಾ? ಮಡಚೋದರಲ್ಲಿ. 2020ರಲ್ಲಿ ಬೀದರ್ ಜಿಲ್ಲೆಗೆ ಇವಿಎಂ ಕೊಟ್ಟಿದ್ದರು, ಉಳಿದ ಕಡೆ ಮತಪತ್ರವೇ. ಅದನ್ನು ಕೊಡುವ ಮುಂಚೆ ಒಮ್ಮೆ ಮಡಚಿ, ಬಿಚ್ಚಿ ಕೊಡಬೇಕು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ನಾನು ಬೆಳಗಿನ ಗಡಿಬಿಡಿಯಲ್ಲಿ ಮೊದಲೇ ಅಡ್ಡಕ್ಕೆ ಮಡಚಿ ಕೊಡುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಮಣಿಕಟ್ಟು ಹಿಡಿದು, "ಮೇಷ್ಟ್ರೇ, ಹೀಗೆ ಮಡಚಿದರೆ ಸೀಲಿನ ಹಸಿ ಶಾಯಿ ಕೆಳಗಿನವನ ಗುರುತಿಗೂ ಹತ್ತುತ್ತೆ, ಎಣಿಕೆ ಟೇಬಲ್ಲಲ್ಲಿ ಹೊಡೆದಾಟ" ಅಂದರು. ಉದ್ದಕ್ಕೆ ಮಡಚಿದರೆ ಕಲೆ ಬಿದ್ದರೂ ಅದೇ ಅಭ್ಯರ್ಥಿಯ ಸಾಲಿನಲ್ಲೇ ಬೀಳುತ್ತದೆ. ತರಬೇತಿಯಲ್ಲಿ ಇದನ್ನ ಹೇಳಿದ್ದರೋ ಏನೋ, ನಾನು ಆಗ ಊಟದ ಕ್ಯೂನಲ್ಲಿದ್ದೆ.

ಇನ್ನೊಂದು. ಒಂದೇ ಕ್ಷೇತ್ರದಿಂದ ಇಬ್ಬರು, ಮೂವರು ಆಯ್ಕೆಯಾಗುವ ಕಡೆ ಎಷ್ಟು ಸ್ಥಾನವೋ ಅಷ್ಟು ಓಟು. "ಎಷ್ಟು ಒತ್ತಬೇಕವ್ವಾ?" ಅಂತ ಅಜ್ಜಿಯರು ಕೇಳೇ ಕೇಳುತ್ತಾರೆ. ಎಷ್ಟು ಅಂತ ಹೇಳಿ, ಏಜೆಂಟರಿಗೂ ಕೇಳುವಷ್ಟು ಜೋರಾಗಿ ಹೇಳಿ. ಕಿವಿ ಹತ್ತಿರ ಬಗ್ಗಿ ಪಿಸುಗುಟ್ಟಿದಿರೋ, ಕಥೆ ಮುಗೀತು. ಒಳ್ಳೇ ಮನಸ್ಸಿಂದಲೇ ಬಗ್ಗಿರುತ್ತೀರಿ, ಅಲ್ವಾ, ಆದರೆ ನೋಡುವವರಿಗೆ ಹಾಗೆ ಕಾಣಲ್ಲ.

ಯಾರದ್ದೋ ಹೆಸರಿಗೆ ಆಗಲೇ ಗೆರೆ ಬಿದ್ದಿದೆ, ಅಂದರೆ ಆ ಹೆಸರಲ್ಲಿ ಬೇರೆ ಯಾರೋ ಓಟು ಹಾಕಿ ಹೋಗಿದ್ದಾರೆ, ಈಗ ನಿಜವಾದವರು ಬಂದು ನಿಂತಿದ್ದಾರೆ ಅಂದರೆ ವಾದ ಮಾಡಬೇಡಿ, ಪಿಆರ್‌ಒ (ಮತಗಟ್ಟೆಯ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್) ಹತ್ತಿರ ಕಳಿಸಿ. ಗುರುತು ಖಾತ್ರಿಯಾದರೆ ಟೆಂಡರ್ ಮತಪತ್ರ ಕೊಡುತ್ತಾರೆ. ಅದು ಪೆಟ್ಟಿಗೆಗೆ ಬೀಳಲ್ಲ, ಬೇರೆ ಲಕೋಟೆಗೆ ಹೋಗುತ್ತದೆ.

ಸಂಜೆ ಸಮಯ ಮುಗಿದಾಗ ಸಾಲಿನಲ್ಲಿ ನಿಂತವರಿಗೆಲ್ಲ ಚೀಟಿ ಕೊಡಬೇಕು. ಕೊನೆಯವರಿಂದ ಶುರು ಮಾಡಿ ಮುಂದಕ್ಕೆ ಬನ್ನಿ. ಮುಂದಿನಿಂದ ಕೊಡುತ್ತಾ ಹೋದರೆ ಬಾಲ ಬೆಳೆಯುತ್ತಲೇ ಇರುತ್ತದೆ.

ವಿಧಾನಸಭೆ ಡ್ಯೂಟಿ ಮಾಡಿದ ಸಹೋದ್ಯೋಗಿಗಳ ಹಳೇ ಕೈಪಿಡಿ ನಂಬಿ ಹೋಗಬೇಡಿ. ಇದನ್ನು ನಡೆಸೋದು ರಾಜ್ಯ ಚುನಾವಣಾ ಆಯೋಗ, ಅವರದ್ದೇ ಪುಸ್ತಕ ಕೊಡುತ್ತಾರೆ, ಮಸ್ಟರಿಂಗ್ ದಿನ, ಅಂದರೆ ಸಾಮಗ್ರಿ ತಗೊಂಡು ಮತಗಟ್ಟೆಗೆ ಹೊರಡುವ ದಿನ, ಬಸ್ಸಲ್ಲಿ ಕೂತು ಓದಿ. ಒಂದು ಚಾದರ, ಟಾರ್ಚು, ನಿಮ್ಮದೇ ಎರಡು ಪೆನ್ನು ಇಟ್ಟುಕೊಳ್ಳಿ. ರಾತ್ರಿ ಡಿಮಸ್ಟರಿಂಗ್‌ನಲ್ಲಿ, ಅಂದರೆ ಸಾಮಗ್ರಿ ವಾಪಸ್ ಒಪ್ಪಿಸುವಾಗ, ಎಷ್ಟೇ ನಿದ್ದೆ ಬಂದರೂ ಹಾಜರಾತಿ ಪತ್ರ ಕೈಗೆ ಸಿಗುವ ತನಕ ಬಸ್ ಹತ್ತಬೇಡಿ. ಅದಿಲ್ಲದೆ ಶಾಲೆಯಲ್ಲಿ ಓಓಡಿ (ಬೇರೆ ಸರ್ಕಾರಿ ಕೆಲಸದ ಮೇಲೆ ಹೋಗಿದ್ದರು ಅನ್ನೋ ಹಾಜರಿ) ಹಾಕಿಸೋದು ದೊಡ್ಡ ತಲೆನೋವು.

– ಸಂ.