ಹಳೆಯ ಲೆದರ್ ಬೈಕ್ ಜಾಕೆಟ್ ಯಾವ ಕಾಲದ್ದು ಅಂತ ಪತ್ತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ದೊಡ್ಡಪ್ಪ ಅಮೆರಿಕದಲ್ಲಿ ಓದುವಾಗ ಕೊಂಡಿದ್ದ ಕಪ್ಪು ಲೆದರ್ ಜಾಕೆಟ್ ಈಗ ನಿಮ್ಮ ಕೈಗೆ ಬಂದಿದೆ. ಎದೆಯ ಮೇಲೆ ಓರೆ ಜಿಪ್, ಸೊಂಟಕ್ಕೆ ಬೆಲ್ಟ್, ಎರಡೂ ಭುಜದ ಪಟ್ಟಿಗಳ ಮೇಲೆ ಒಂದೊಂದು ಲೋಹದ ನಕ್ಷತ್ರ. ಲೇಬಲ್ ಸವೆದು ಕಂಪನಿಯ ಹೆಸರು ಅಳಿಸಿ ಹೋಗಿದೆ. ಕೆಳಗಡೆ 'ನ್ಯೂಯಾರ್ಕ್, ಎನ್.ವೈ.' ಮತ್ತು ಐದು ಅಂಕಿ ಮಾತ್ರ ಕಾಣುತ್ತವೆ. ಮುಂದಿನ ಜಿಪ್ ಟ್ಯಾಲನ್ ಕಂಪನಿಯದು, ಎಡ ತೋಳಿನದು ವೈಕೆಕೆ ಕಂಪನಿಯದು. ನೋಡಿದವರೊಬ್ಬರು 'ಇದು 1950ರ ದಶಕದ್ದು, ಹಾಲಿವುಡ್ ನಟ ಮಾರ್ಲನ್ ಬ್ರಾಂಡೊ ಹಾಕಿದ್ದ ಮಾಡೆಲ್ಲೇ' ಅಂದಿದ್ದಾರೆ. ಅದು ನಿಜವಾ ಅನ್ನೋದು ನಿಮ್ಮ ಪ್ರಶ್ನೆ.

ನಿಜ ಅಲ್ಲ. ಲೇಬಲ್ ಜಾಕೆಟ್‌ನದ್ದೇ ಆಗಿದ್ದರೆ ಆ ಐದು ಅಂಕಿಯಲ್ಲೇ ವಿಷಯ ಇತ್ಯರ್ಥವಾಗುತ್ತದೆ. ನಿಮ್ಮ ಜಾಕೆಟ್ 1963ರ ಜುಲೈಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹಾಗಂತ ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಜಾಕೆಟ್ ಅಂತಲೇ ಕಾಣುತ್ತದೆ.

ಆ ಐದು ಅಂಕಿ ಅಮೆರಿಕದ ಜಿಪ್ ಕೋಡ್, ಅಂದರೆ ಅಲ್ಲಿನ ಪಿನ್ ಕೋಡ್. ಅದು ಜಾರಿಗೆ ಬಂದದ್ದು 1963ರ ಜುಲೈ 1ರಂದು. ಅದಕ್ಕೂ ಮುಂಚೆ, 1943ರಿಂದ, ದೊಡ್ಡ ಊರುಗಳಿಗೆ ಒಂದೋ ಎರಡೋ ಅಂಕಿಯ ವಲಯ ಸಂಖ್ಯೆ ಇತ್ತು. 'ನ್ಯೂಯಾರ್ಕ್ 10, ಎನ್.ವೈ.' ಅಂತ ಬರೆಯುತ್ತಿದ್ದರು. ನಮ್ಮಲ್ಲಿ ಹಿರಿಯರು ಈಗಲೂ ಬಸವನಗುಡಿ ವಿಳಾಸಕ್ಕೆ 'ಬೆಂಗಳೂರು-4' ಅಂತ ಬರೆಯುತ್ತಾರಲ್ಲ, ಹಾಗೆ. ಆದ್ದರಿಂದ ಲೇಬಲ್‌ನಲ್ಲಿ ಊರಿನ ಪಕ್ಕ ಸಣ್ಣ ಸಂಖ್ಯೆ ಇದ್ದರೆ ಆ ವಿಳಾಸ ಬರೆದದ್ದು 1943ರ ನಂತರ. ಐದು ಅಂಕಿ ಇದ್ದರೆ 1963ರ ನಂತರ. ಏನೂ ಇಲ್ಲದಿದ್ದರೆ ಮಾತ್ರ ಏನನ್ನೂ ಹೇಳಲು ಬರುವುದಿಲ್ಲ, ಯಾಕಂದರೆ ಸಂಖ್ಯೆ ಹಾಕದೆ ಬಿಟ್ಟವರು ಎಲ್ಲ ಕಾಲದಲ್ಲೂ ಇದ್ದರು. ಇನ್ನೊಂದು ಮಾತು. ಕಂಪನಿಯವರು ಹಳೆಯ ಲೇಬಲ್ ರಾಶಿ ಮುಗಿಯುವವರೆಗೂ ಅದನ್ನೇ ಹೊಲಿಯುತ್ತಾರೆ. ಸಣ್ಣ ಸಂಖ್ಯೆಯ ಲೇಬಲ್ 1964ರ ಜಾಕೆಟ್‌ನಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಐದು ಅಂಕಿಯದು 1955ರ ಜಾಕೆಟ್‌ನಲ್ಲಿ ಸಿಗುವುದಿಲ್ಲ.

ಇಡೀ ಕೆಲಸ ನಡೆಯುವುದೇ ಹೀಗೆ. ಪ್ರತಿ ಗುರುತೂ 'ಇದಕ್ಕಿಂತ ಹಳೆಯದಲ್ಲ' ಅಂತ ಒಂದು ಗೆರೆ ಹಾಕುತ್ತದೆ. ಜಾಕೆಟ್ ಜೊತೆಗೇ ಹುಟ್ಟಿದ ಭಾಗಗಳಲ್ಲಿ ಯಾವುದು ಎಲ್ಲಕ್ಕಿಂತ ಹೊಸದೋ, ಜಾಕೆಟ್‌ನ ವಯಸ್ಸು ಅದಕ್ಕಿಂತ ಜಾಸ್ತಿ ಇರಲ್ಲ. ಮಾರುವವರು ಇದನ್ನು ಉಲ್ಟಾ ಮಾಡುತ್ತಾರೆ. ಎಲ್ಲಕ್ಕಿಂತ ಹಳೆಯದಾಗಿ ಕಾಣುವ ಒಂದು ಬಿಡಿಭಾಗ ಹಿಡಿದು ಇಡೀ ಜಾಕೆಟ್‌ಗೆ ಆ ವಯಸ್ಸು ಕೊಟ್ಟುಬಿಡುತ್ತಾರೆ. ನಾನಿರುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ. ಇಲ್ಲಿನ ಭಾನುವಾರದ ಹಳೆ ಸಾಮಾನಿನ ಸಂತೆಗಳಲ್ಲಿ ಕಪ್ಪು ಜಾಕೆಟ್ ಅಂದರೆ ಎಲ್ಲವೂ 'ಫಿಫ್ಟೀಸ್' ಅಂತಲೇ ಮಾರಾಟವಾಗುತ್ತವೆ!

ಹಾಗಾದರೆ ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಹಾಕಿದ್ದು? ಇದಕ್ಕೆ ನಿಮ್ಮ ಎಡ ತೋಳಿನ ಜಿಪ್ ಒಳ್ಳೆಯ ಉದಾಹರಣೆ. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಕ್ರಮೇಣ ಕೂಡಿಕೊಳ್ಳುತ್ತದೆ. ಚರ್ಮದಲ್ಲಿ ತೂತು ತೂತಾಗಿಯೇ ಉಳಿಯುತ್ತದೆ. ಹಗಲು ಬೆಳಕಿನಲ್ಲಿ ಕಿಟಕಿ ಪಕ್ಕ ಕೂತು, ಜಿಪ್ ಅಂಚಿನ ಚರ್ಮವನ್ನು ಸ್ವಲ್ಪ ಬಗ್ಗಿಸಿ, ಭೂತಗನ್ನಡಿ ಹಿಡಿದು ನೋಡಿ. ಹೊಲಿಗೆಯ ಪಕ್ಕದಲ್ಲೇ ದಾರವಿಲ್ಲದ ಖಾಲಿ ತೂತುಗಳ ಇನ್ನೊಂದು ಸಾಲು ಕಂಡರೆ ಜಿಪ್ ಬದಲಾಗಿದೆ ಅಂತ ಅರ್ಥ. ಬಲ ತೋಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಎರಡೂ ಕಡೆ ಇಂಚಿಗೆ ಎಷ್ಟು ಹೊಲಿಗೆ ಅಂತ ಎಣಿಸಿ. ಕಾರ್ಖಾನೆಯ ಮೆಷಿನ್ ಎರಡೂ ತೋಳಿಗೆ ಹೆಚ್ಚುಕಮ್ಮಿ ಒಂದೇ ಲೆಕ್ಕದಲ್ಲಿ ಹೊಲಿದಿರುತ್ತದೆ. ರಿಪೇರಿ ಮಾಡಿದ ಟೈಲರ್ ತನ್ನ ಮೆಷಿನ್ ಇದ್ದ ಹಾಗೆ ಹೊಲಿದಿರುತ್ತಾನೆ. ಕೆಲವು ಜಾಣ ಟೈಲರ್‌ಗಳು ಹಳೆಯ ತೂತುಗಳಲ್ಲೇ ಸೂಜಿ ಇಳಿಸಿ ಹೊಲಿಯುತ್ತಾರೆ, ಆಗ ಖಾಲಿ ಸಾಲು ಸಿಗುವುದಿಲ್ಲ. ಅಂಥ ಕಡೆ ಜಿಪ್‌ನ ಪಟ್ಟಿ ನೋಡಿ. ಹಳೆಯ ಹತ್ತಿಯ ಪಟ್ಟಿ ಬಣ್ಣ ಬಿಟ್ಟು ಅಂಚಿನಲ್ಲಿ ನವಿರಾಗಿ ಎಳೆ ಬಿಟ್ಟಿರುತ್ತದೆ. ಹೊಸ ಪಾಲಿಯೆಸ್ಟರ್ ಪಟ್ಟಿ ಇನ್ನೂ ಕಡುಗಪ್ಪು.

ಜಿಪ್ ಹೆಸರುಗಳಿಗೂ ಒಂದು ಚರಿತ್ರೆ ಇದೆ. ಟ್ಯಾಲನ್ ಕಂಪನಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಊರಿನದು. ಮೊದಲು ಅದರ ಹೆಸರು ಹುಕ್‌ಲೆಸ್ ಫಾಸ್ಟನರ್ ಕಂಪನಿ. ಟ್ಯಾಲನ್ ಅನ್ನೋದು ಅವರ ಮಾಲಿನ ಹೆಸರಾಗಿತ್ತು. 1937ರಲ್ಲಿ ಕಂಪನಿಗೇ ಆ ಹೆಸರಿಟ್ಟರು. ರನ್ನರ್ ಮೇಲೆ 'ಹುಕ್‌ಲೆಸ್' ಅಂತ ಅಚ್ಚಾಗಿದ್ದರೆ ಅದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಲದ್ದು, ಜೋಪಾನವಾಗಿಡಿ. ಆದರೆ 'ಟ್ಯಾಲನ್' ಅಂತ ಇದ್ದ ಮಾತ್ರಕ್ಕೆ ಏನೂ ಸಾಬೀತಾಗಲ್ಲ, ದಶಕಗಟ್ಟಲೆ ಅದೇ ಹೆಸರು ನಡೆಯಿತು. ಕ್ರೌನ್, ಕಾನ್‌ಮಾರ್ ಅನ್ನುವ ಹೆಸರುಗಳೂ ಹಳೆಯ ಅಮೆರಿಕನ್ ಜಾಕೆಟ್‌ಗಳಲ್ಲಿ ಸಿಗುತ್ತವೆ. ಯುದ್ಧದ ವರ್ಷಗಳಲ್ಲಿ ತಾಮ್ರ, ಹಿತ್ತಾಳೆ ಎಲ್ಲ ಸೈನ್ಯದ ಕೆಲಸಕ್ಕೆ ಹೋಗುತ್ತಿದ್ದುದರಿಂದ ಉಕ್ಕು, ಸತುವಿನ ಜಿಪ್‌ಗಳು ಬಂದವು. ವೈಕೆಕೆ ಜಪಾನಿನದು. 1934ರಲ್ಲಿ ಟೋಕಿಯೊದಲ್ಲಿ ತದಾವೊ ಯೊಶಿದಾ ಶುರು ಮಾಡಿದ್ದು. ಅವರು ನ್ಯೂಯಾರ್ಕ್‌ನಲ್ಲಿ ಕಂಪನಿ ತೆರೆದದ್ದು 1960ರಲ್ಲಿ. ಜಾರ್ಜಿಯಾದ ಮೇಕನ್‌ನಲ್ಲಿ ಅವರ ಕಾರ್ಖಾನೆ ಶುರುವಾದದ್ದು 1974ರಲ್ಲಿ. 'ಅಮೆರಿಕದ್ದು, 1950ರದ್ದು' ಅಂತ ತೋರಿಸಿದ ಜಾಕೆಟ್‌ನ ಎಲ್ಲ ಜಿಪ್‌ಗಳೂ ವೈಕೆಕೆ ಆಗಿದ್ದು, ಎಲ್ಲೂ ಖಾಲಿ ತೂತು ಇಲ್ಲದಿದ್ದರೆ ಆ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ. ನಿಮ್ಮದರಲ್ಲಿ ಒಂದೇ ತೋಳಿನದು ವೈಕೆಕೆ. ಬಹುಶಃ ಅದು ಮಾತ್ರ ಕೆಟ್ಟು ಬದಲಾಗಿರಬೇಕು. ಬೆಂಗಳೂರಲ್ಲೇ ಹಾಕಿಸಿರಬಹುದು, ಮನೆಯಲ್ಲಿ ಕೇಳಿ ನೋಡಿ.

ಇನ್ನು ಆ ನಕ್ಷತ್ರ. ಇಂಥ ಜಾಕೆಟ್‌ಗಳ ಮೂಲಪುರುಷ ಅಂತ ಎಲ್ಲರೂ ಹೇಳುವುದು ಪರ್ಫೆಕ್ಟೊ. ನ್ಯೂಯಾರ್ಕ್‌ನ ಶಾಟ್ ಕಂಪನಿ ಅದನ್ನು 1928ರಲ್ಲಿ ತಂದಿತು. ಇರ್ವಿಂಗ್ ಶಾಟ್ ಅವರಿಗೆ ಇಷ್ಟವಾದ ಒಂದು ಸಿಗಾರ್‌ನ ಹೆಸರು ಅದು. ಆಗ ಬೆಲೆ ಐದೂವರೆ ಡಾಲರ್. 1953ರ ಕೊನೆಗೆ 'ದಿ ವೈಲ್ಡ್ ಒನ್' ಸಿನಿಮಾ ಬಂತು. ಅದರಲ್ಲಿ ಬ್ರಾಂಡೊ ಇಂಥದೊಂದು ಜಾಕೆಟ್ ಹಾಕಿದ್ದರು, ಭುಜದಲ್ಲಿ ನಕ್ಷತ್ರ ಇತ್ತು. ಅಲ್ಲಿಂದ ನಕ್ಷತ್ರ ಕಂಡಲ್ಲೆಲ್ಲ ಬ್ರಾಂಡೊ ಹೆಸರು! ಶಾಟ್ ಕಂಪನಿ 613 ಅನ್ನುವ ನಂಬರಿನಲ್ಲಿ ನಕ್ಷತ್ರದ ಜಾಕೆಟ್ಟನ್ನೂ, 618ರಲ್ಲಿ ನಕ್ಷತ್ರವಿಲ್ಲದ್ದನ್ನೂ ಇತ್ತೀಚಿನವರೆಗೂ ಮಾಡಿಕೊಂಡೇ ಬಂದಿದೆ. ಬೇರೆ ಕಂಪನಿಗಳೂ ಹಾಕಿದವು. ಹಾಕಿಕೊಳ್ಳುವವರು ತಾವೇ ತಂದು ಚುಚ್ಚಿಕೊಂಡದ್ದೂ ಉಂಟು. ಕಾಲ ತಿಳಿಯಲು ಈ ನಕ್ಷತ್ರ ಉಪಯೋಗಕ್ಕಿಲ್ಲ. ರೇಟು ಏರಿಸಲು ಬೇಕಾದಷ್ಟು ಉಪಯೋಗವಿದೆ.

ಜೇಬಿನ ಆಕಾರವೂ ಹಾಗೇ. ಇಂಗ್ಲಿಷ್ 'ಡಿ' ಅಕ್ಷರದ ಹಾಗೆ ಒಂದು ಕಡೆ ದುಂಡಗಿರುವ ದೊಡ್ಡ ಜೇಬು ಹಳೆಯ ಶೈಲಿ. ಆದರೆ ಅದನ್ನು ನೋಡಿ ತಯಾರಕ ಯಾರು, ಮಾಡೆಲ್ ಯಾವುದು ಅಂತ ಊಹಿಸಬಹುದೇ ಹೊರತು ವರ್ಷ ಹೇಳಲು ಆಗುವುದಿಲ್ಲ. ಡೆಟ್ರಾಯ್ಟ್‌ನ ಬ್ಯೂಕೊ ಜಾಕೆಟ್‌ಗಳನ್ನು ಈಗ ಜಪಾನಿನ 'ದಿ ರಿಯಲ್ ಮೆಕಾಯ್ಸ್' ಎಷ್ಟು ಚೆನ್ನಾಗಿ ಮರುತಯಾರಿ ಮಾಡುತ್ತದೆ ಅಂದರೆ, ಹತ್ತು ವರ್ಷ ಹಾಕಿ ಸವೆಸಿದ ಮೇಲೆ ಫೋಟೊದಲ್ಲಿ ಗುರುತಿಸುವುದು ನನ್ನಿಂದಂತೂ ಆಗದ ಕೆಲಸ. ಅವರು ಮೋಸ ಮಾಡುತ್ತಿಲ್ಲ, ಮರುತಯಾರಿ ಅಂತ ಹೇಳಿಯೇ ಮಾರುತ್ತಾರೆ. ಲೇಬಲ್ ಕಿತ್ತು ಮರುಮಾರಾಟ ಮಾಡುವವರದ್ದು ತೊಂದರೆ.

ಚರ್ಮದ ಬಗ್ಗೆ ಎರಡು ಮಾತು. ಹಳೆಯ ಒಳ್ಳೆಯ ಜಾಕೆಟ್‌ಗಳು ಹೆಚ್ಚಾಗಿ ಕುದುರೆ ಚರ್ಮದವು. 1920ರ ಸುಮಾರಿಗೆ ಅಮೆರಿಕದಲ್ಲಿ ಕುದುರೆ, ಹೇಸರಗತ್ತೆ ಸೇರಿ ಎರಡು ಕೋಟಿಗೂ ಹೆಚ್ಚಿದ್ದವು. ಟ್ರಾಕ್ಟರ್, ಲಾರಿ ಬಂದವು, 1960ರ ವೇಳೆಗೆ ಸುಮಾರು 30 ಲಕ್ಷಕ್ಕೆ ಇಳಿದವು. ಕುದುರೆ ಚರ್ಮ ಸಿಗುವುದು ಕಮ್ಮಿಯಾದ ಹಾಗೆ ದನದ ಚರ್ಮ ಜಾಸ್ತಿಯಾಯಿತು. ಕುದುರೆಯದು ನುಣುಪು, ಬಿಗಿ. ಮಡಿಕೆ ಬೀಳುವ ಕಡೆ ಹರಿತವಾದ ಗೆರೆ ಮೂಡುತ್ತದೆ. ದನದ್ದರಲ್ಲಿ ಸಾಮಾನ್ಯವಾಗಿ ಸಣ್ಣ ಕಾಳುಕಾಳಾದ ಮೈ ಕಾಣುತ್ತದೆ. ಅಂಚು ಸವೆದಲ್ಲಿ ಕಪ್ಪಿನ ಅಡಿಯಿಂದ ಕಂದು ಬಣ್ಣ ಇಣುಕಿದರೆ ಹಳೆಯದು ಅಂತ ತುಂಬಾ ಜನ ಕುಣಿಯುತ್ತಾರೆ. ಈಗಿನ ತಯಾರಕರು ಬೇಕಂತಲೇ ಹಾಗೆ ಬಣ್ಣ ಹಾಕಿಸುತ್ತಾರೆ. ಅದನ್ನು ನಂಬಬೇಡಿ.

ದಾರವನ್ನು ನಂಬಬಹುದು. ಲೈನಿಂಗ್ ಒಳಗಡೆ, ಯಾರೂ ಕೈ ಹಾಕದ ಮೂಲೆಯಲ್ಲಿ, ಹೊಲಿಗೆಯ ತುದಿಯಿಂದ ಅರ್ಧ ಇಂಚಿನ ಎಳೆ ಕತ್ತರಿಸಿಕೊಳ್ಳಿ. ಜಾಕೆಟ್‌ನಿಂದ ದೂರ ಹೋಗಿ, ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಆದರೆ ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಪಾಲಿಯೆಸ್ಟರ್ ಅಮೆರಿಕದ ಮಾರುಕಟ್ಟೆಗೆ ಬಂದದ್ದೇ 1950ರ ದಶಕದ ಆರಂಭದಲ್ಲಿ. ಹಾಗಾಗಿ 1940ರದ್ದು ಅಂತ ಹೇಳುವ ಜಾಕೆಟ್‌ನ ಮೂಲ ಹೊಲಿಗೆಯಲ್ಲಿ ಪಾಲಿಯೆಸ್ಟರ್ ಇರಲು ಸಾಧ್ಯವಿಲ್ಲ. ನೋಟು ಪರೀಕ್ಷೆ ಮಾಡುವ ನೀಲಿ ಟಾರ್ಚ್ ಹಿಡಿದು, ಹೊಳೆದರೆ ಹೊಸದು ಅನ್ನುವವರಿದ್ದಾರೆ. ಲೈನಿಂಗ್‌ಗೆ ಎಂದೋ ಸೋಪಿನ ಪುಡಿ ತಾಗಿದ್ದರೂ ಹೊಳೆಯುತ್ತದೆ. ಅದು ಅಷ್ಟಕ್ಕಷ್ಟೆ.

ಈಗ ನೀವು ಮುಖ್ಯವಾಗಿ ಹುಡುಕಬೇಕಾದದ್ದು ಇನ್ನೊಂದು ಸಣ್ಣ ಲೇಬಲ್. ಒಳಜೇಬಿನ ಒಳಗೆ ಅಥವಾ ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದರಲ್ಲಿ 'ಆರ್‌ಎನ್' ಅಂತ ಬರೆದು ಒಂದು ಸಂಖ್ಯೆ ಇರಬಹುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಗಳಿಗೆ ಕೊಡುವ ನೋಂದಣಿ ಸಂಖ್ಯೆ ಅದು. ಅವರ ಜಾಲತಾಣದಲ್ಲಿ ಹಾಕಿದರೆ ಯಾವ ಕಂಪನಿ ಅಂತ ತಿಳಿಯುತ್ತದೆ. ಅಳಿಸಿ ಹೋದ ಹೆಸರು ಹೀಗೇ ಸಿಗಬಹುದು. ವರ್ಷಕ್ಕೂ ಒಂದು ಅಂದಾಜು ಲೆಕ್ಕ ಇದೆ. ಸಂಖ್ಯೆಯಿಂದ 13670 ಕಳೆಯಿರಿ, 2635ರಿಂದ ಭಾಗಿಸಿ, 1959 ಕೂಡಿಸಿ. 40000 ಅಂತಿದ್ದರೆ ಸುಮಾರು 1969 ಬರುತ್ತದೆ. ಅದು ಕಂಪನಿಗೆ ಸಂಖ್ಯೆ ಸಿಕ್ಕ ವರ್ಷ. ನಿಮ್ಮ ಜಾಕೆಟ್ ಆ ವರ್ಷದ್ದೂ ಇರಬಹುದು, ಇಪ್ಪತ್ತು ವರ್ಷ ಆಮೇಲಿನದೂ ಇರಬಹುದು. 'ಡಬ್ಲ್ಯೂಪಿಎಲ್' (ಉಣ್ಣೆ ಮಾಲಿನ ಲೇಬಲ್ ಕಾನೂನಿನ ಸಂಖ್ಯೆ) ಅಂತ ಇದ್ದರೆ ಅದು 1941 ಮತ್ತು 1959ರ ನಡುವೆ ಕೊಟ್ಟದ್ದು. ಅದನ್ನೂ ಕಂಪನಿಗಳು ಮುಂದೆ ಎಷ್ಟೋ ವರ್ಷ ಬಳಸಿದವು. ಇನ್ನು ಲೈನಿಂಗ್ ನೈಲಾನ್ ಇಷ್ಟು, ರೇಯಾನ್ ಇಷ್ಟು ಅಂತ ಶೇಕಡಾ ಲೆಕ್ಕದಲ್ಲಿ ಬರೆದಿದ್ದರೆ 1960ರ ಈಚಿನದು ಅಂತ ಧೈರ್ಯವಾಗಿ ಊಹಿಸಬಹುದು. ಅದನ್ನು ಕಡ್ಡಾಯ ಮಾಡಿದ ಕಾನೂನು ಜಾರಿಗೆ ಬಂದದ್ದು ಆ ವರ್ಷ.

ಬೇರೆಯವರೂ ಇದನ್ನು ಓದುತ್ತಾರೆ ಅಂತ ಇದೊಂದು ಸೇರಿಸುತ್ತೇನೆ. ಹಾರ್ಲೆ-ಡೇವಿಡ್‌ಸನ್ ಲೇಬಲ್‌ನಲ್ಲಿ 'ಎಎಂಎಫ್' ಅಕ್ಷರಗಳಿದ್ದರೆ ಕೆಲಸ ಸುಲಭ. ಎಎಂಎಫ್ ಅನ್ನುವ ಕಂಪನಿ ಹಾರ್ಲೆಯ ಮಾಲೀಕತ್ವ ಹೊಂದಿದ್ದು 1969ರಿಂದ 1981ರವರೆಗೆ ಮಾತ್ರ. ಲಂಡನ್ನಿನ ಲೂಯಿಸ್ ಲೆದರ್ಸ್‌ನದ್ದಾದರೆ ಮಾಡೆಲ್ ಹೆಸರು ನೆರವಾಗುತ್ತದೆ. ಬ್ರಾಂಕ್ಸ್ ಬಂದದ್ದು 1956ರಲ್ಲಿ, ಲೈಟ್ನಿಂಗ್ 1958ರಲ್ಲಿ.

ನಿಮ್ಮ ಜಾಕೆಟ್ ವಿಷಯದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬಹುಶಃ ಮನೆಯ ಆಲ್ಬಮ್ಮಿನಲ್ಲೇ ಇದೆ. ದೊಡ್ಡಪ್ಪ ಯಾವ ವರ್ಷ ಹೋದರು ಅಂತ ನೀವು ಬರೆದಿಲ್ಲ. ಅವರು ಆ ಜಾಕೆಟ್ ಹಾಕಿ ತೆಗೆಸಿಕೊಂಡ ಒಂದು ಫೋಟೊ ಹುಡುಕಿ. ಅಮೆರಿಕದಲ್ಲಿ 60ರ ದಶಕದಲ್ಲಿ ತೊಳೆಸಿದ ಎಷ್ಟೋ ಪ್ರಿಂಟ್‌ಗಳ ಬಿಳಿ ಅಂಚಿನಲ್ಲಿ ತಿಂಗಳು, ವರ್ಷ ಸಣ್ಣಗೆ ಅಚ್ಚಾಗಿರುತ್ತದೆ. 'ಇದಕ್ಕಿಂತ ಹೊಸದಲ್ಲ' ಅನ್ನುವ ಗೆರೆ ಸಿಗುವುದು ಕಷ್ಟ, ಅದು ಅಲ್ಲಿ ಸಿಗುತ್ತದೆ. 1963 ಒಂದು ಕಡೆ, ಆ ಫೋಟೊದ ವರ್ಷ ಇನ್ನೊಂದು ಕಡೆ. ಜಾಕೆಟ್ ಹುಟ್ಟಿದ್ದು ಈ ಎರಡರ ನಡುವೆ.

ಅಲ್ಲಿಯವರೆಗೆ ಜಾಕೆಟ್ಟನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಇಡಬೇಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಗಲವಾದ ಹ್ಯಾಂಗರ್‌ಗೆ ಹಾಕಿ ಗಾಳಿ ಆಡುವ ಕಡೆ ತೂಗುಹಾಕಿ. ಕೊಬ್ಬರಿ ಎಣ್ಣೆ ಹಚ್ಚುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. 'ಮ್ಯಾಚ್ ಆಗಲ್ಲ' ಅಂತ ಆ ವೈಕೆಕೆ ಜಿಪ್ ಕೀಳಿಸಲೂ ಹೋಗಬೇಡಿ, ಮತ್ತೊಂದು ಸಾಲು ತೂತಾಗುತ್ತದೆ ಅಷ್ಟೆ. ಒಳಜೇಬಿನಲ್ಲಿ ಆರ್‌ಎನ್ ಸಂಖ್ಯೆ ಸಿಕ್ಕರೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ. ಜೊತೆಗೆ ಎರಡೂ ತೋಳಿನ ಜಿಪ್‌ಗಳ ಹತ್ತಿರದ ಫೋಟೊ, ಲೇಬಲ್‌ನ ಒಂದು ಫೋಟೊ ಇರಲಿ. ಲೇಬಲ್‌ಗೆ ಫ್ಲ್ಯಾಶ್ ಹಾಕಬೇಡಿ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ಸವೆದ ಅಕ್ಷರದ ನೇಯ್ಗೆ ಸ್ವಲ್ಪವಾದರೂ ಓದಲು ಬರುತ್ತದೆ.