ಕಾರವಾರದ ಶಾಲೆಗೆ ಇಂಗ್ಲಿಷ್ ಯೋಜನೆ ತರುವವರಿಗೆ

ಟ್ಯಾಬ್ ಎಷ್ಟು ಬೇಕು ಎಂಬ ಲೆಕ್ಕ ಆಮೇಲೆ ಹಾಕಿ. ಮೊದಲು ಹಾಜರಿ ಪುಸ್ತಕ ಹಿಡಿದು, ಯಾವ ಮಗು ಮನೆಯಲ್ಲಿ ಏನು ಮಾತಾಡುತ್ತದೆ ಎಂದು ಬರೆದುಕೊಳ್ಳಿ. ಸದಾಶಿವಗಡ, ಮಾಜಾಳಿ ಕಡೆ ಹೆಚ್ಚಿನವರದು ಕೊಂಕಣಿ. ಜೋಯಿಡಾದ ಕುಣಬಿ ಸಮುದಾಯದವರದೂ ಕೊಂಕಣಿಯೇ, ಆದರೆ ಬೇರೆ ಬಗೆಯದು. ಹಳಿಯಾಳದಲ್ಲಿ ಮರಾಠಿ, ಭಟ್ಕಳದಲ್ಲಿ ನವಾಯತಿ, ಶಿರಸಿ ಸುತ್ತ ಹವಿಗನ್ನಡ. ಅಂದರೆ ಗಡಿಯ ಬಹಳ ಮಕ್ಕಳಿಗೆ ಕನ್ನಡವೇ ಎರಡನೇ ಭಾಷೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಇರುವುದರಿಂದ ಎರಡು ಹೊಸ ಭಾಷೆ ಒಟ್ಟಿಗೇ ಮೈಮೇಲೆ ಬೀಳುತ್ತವೆ.

ಬೆಂಗಳೂರಿನಲ್ಲಿ ತಯಾರಾದ ತರಬೇತಿ ಎಡವುವುದು ಇಲ್ಲೇ. ಅದು ಕನ್ನಡ ಬಾಯಿಯ ತೊಡಕುಗಳನ್ನು ತಿದ್ದುತ್ತದೆ: ಬಸ್ ಎನ್ನಲು ಬಸ್ಸು, ಎಗ್ ಎನ್ನಲು ಯೆಗ್. ಕಾರವಾರದ ಮಗುವಿನ ಮಾತಿನಲ್ಲಿ ಉದಾಕ್ (ನೀರು), ಪಾವ್ಸ್ (ಮಳೆ) ಎಂದು ವ್ಯಂಜನದಲ್ಲಿ ಮುಗಿಯುವ ಪದ ಧಾರಾಳ. ಬಸ್ ಎನ್ನಲು ಅದಕ್ಕೆ ಕಷ್ಟವಿಲ್ಲ. 'ಜಾಲೆಂ' (ಆಯಿತು) ಎನ್ನುವಾಗಿನ ಜ ನಮ್ಮ ಜೇನಿನ ಜ ಅಲ್ಲ, ಹಲ್ಲಿನ ಹತ್ತಿರ ಹುಟ್ಟುವ ಧ್ವನಿ. ಪ್ರಾಣಿಸಂಗ್ರಹಾಲಯಕ್ಕೆ ಇಂಗ್ಲಿಷಿನವರು ಹೇಳುವ ಪದದ ಮೊದಲ ಧ್ವನಿಗೆ ಇದು ಬಹಳ ಹತ್ತಿರ. ಶಿಕ್ಷಕರು ಬೋರ್ಡಿನ ಮೇಲೆ ಕನ್ನಡದಲ್ಲಿ 'ಜೂ' ಎಂದು ಬರೆದು ಓದಿಸಿದರೆ, ಮಗುವಿನ ಬಾಯಲ್ಲಿ ಮೊದಲೇ ಇದ್ದದ್ದನ್ನು ಕಳೆದ ಹಾಗಾಯಿತು. ತರಬೇತಿಯ ಮೊದಲ ದಿನವೇ ಈ ಅಭ್ಯಾಸ ಬಿಡಿಸಿ: ಮೊದಲು ಕೇಳಿಸಿ, ನಂತರ ಹೇಳಿಸಿ, ಬರೆಯುವುದು ಕೊನೆಗೆ. ಬಯಲುಸೀಮೆಯಿಂದ ಬಂದ ಶಿಕ್ಷಕರು ಇಲ್ಲಿ ಬಹಳ; ಅವರಿಗೆ ಕೊಂಕಣಿಯ ನೂರು ಪದಗಳ ಪಟ್ಟಿ ಕೊಟ್ಟರೆ ಟ್ಯಾಬಿಗಿಂತ ಹೆಚ್ಚು ಉಪಕಾರ.

ಬೆಂಗಳೂರಿನಲ್ಲಿ 1963ರಿಂದ ಇರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ 30 ದಿನದ ತರಬೇತಿ ಒಳ್ಳೆಯದೇ. ಆದರೆ ಇಬ್ಬರೇ ಶಿಕ್ಷಕರಿರುವ ಘಟ್ಟದ ಶಾಲೆಯಿಂದ ಒಬ್ಬರು ತಿಂಗಳು ಹೋದರೆ ಉಳಿದವರು ಎಲ್ಲ ತರಗತಿಯನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಕಾಗುತ್ತದೆ. ಅದಕ್ಕೆ ಅಕ್ಕಪಕ್ಕದ ಶಾಲೆಗಳು ಸೇರಿದ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯನ್ನೇ ಹಿಡಿದುಕೊಳ್ಳಿ. ಸಭೆಯ ನಡುವಿನ ದಿನಗಳಲ್ಲಿ ಪ್ರತಿ ಶಿಕ್ಷಕರೂ ವಾರಕ್ಕೊಮ್ಮೆ ಒಂದು ನಿಮಿಷದ ಓದನ್ನು ವಾಟ್ಸಾಪಿನಲ್ಲಿ ಸಿಆರ್‌ಪಿಗೆ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ) ಕಳಿಸಲಿ, ಗುಂಪಿಗೆ ಬೇಡ. ಗುಂಪಿಗೆ ಎಂದರೆ ಚೆನ್ನಾಗಿ ಮಾತಾಡುವ ಇಬ್ಬರದೇ ಧ್ವನಿ ಬರುತ್ತದೆ, ಉಳಿದವರು ಹೆಬ್ಬೆರಳು ಒತ್ತಿ ಸುಮ್ಮನಿರುತ್ತಾರೆ.

ಇನ್ನು ಸಾಮಾನು. ನೆಟ್ ನಂಬಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ತೆರೆಯುವ, ಸರ್ಕಾರದ ದೀಕ್ಷಾ ಆ್ಯಪಿನ ಪಾಠಗಳನ್ನು ಪೇಟೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕೇಳಿಸುವ ತುಣುಕು ಎರಡು ನಿಮಿಷ ಮೀರದಿರಲಿ, ಮೆಮೊರಿ ಕಾರ್ಡಿನಲ್ಲಿರಲಿ, ಮೂರು ಸಲ ಹಾಕಿ: ಸುಮ್ಮನೆ ಕೇಳಲು, ಚಿತ್ರ ತೋರಿಸಲು, ಜೊತೆಗೆ ಹೇಳಲು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೋಣೆಯಲ್ಲಿ ಮಳೆಯ ಸದ್ದಿಗೆ ಯಾವ ಸ್ಪೀಕರೂ ಇಡೀ ತರಗತಿಗೆ ಕೇಳಿಸುವುದಿಲ್ಲ. ಧ್ವನಿ ಏರಿಸಿದರೆ ಮಾತು ಒಡೆಯುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಆಗ ಎಂಟು ಮಕ್ಕಳ ಗುಂಪು ಮಾಡಿ ಸ್ಪೀಕರನ್ನು ನಡುವೆ ಇಡಿ, ಉಳಿದವರಿಗೆ ಚಿತ್ರಕಾರ್ಡು. ಬರೀ ಕೇಳುವ ಪಾಠಗಳನ್ನು ದಸರಾ ರಜೆಯ ನಂತರಕ್ಕೆ ಇಟ್ಟುಕೊಳ್ಳಿ. ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸುವ ದಿನಗಳೂ ಇರುತ್ತವೆ. ವೇಳಾಪಟ್ಟಿ ಬಿಗಿಯಾಗಿ ಹೆಣೆದರೆ ಜುಲೈಯಲ್ಲೇ ಹರಿಯುತ್ತದೆ.

ಪ್ರೊಜೆಕ್ಟರನ್ನು ಮಳೆಗಾಲ ಪೂರ್ತಿ ಕಪಾಟಿನಲ್ಲಿ ಮುಚ್ಚಿಟ್ಟರೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ಜೋಪಾನ ಮಾಡಿದ್ದೇ ಹಾಳಾಗುವ ವಸ್ತು ಅದು. ದಿನಕ್ಕೆ ಇಪ್ಪತ್ತು ನಿಮಿಷ ಓಡಿಸಿ, ಅದರ ಬಿಸಿಗೇ ತೇವ ಆರುತ್ತದೆ. ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕೇಬಲ್ ತುದಿ ಹಸಿರುಗಟ್ಟುತ್ತದೆ, ಹೆಚ್ಚಿಗೆ ಒಂದು ಕೇಬಲ್ ಇರಲಿ. ಟ್ಯಾಬುಗಳನ್ನು ಬೇಸಿಗೆ ರಜೆಗೆ ಬೀಗ ಹಾಕುವಾಗ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿಡಿ. ಪೂರ್ತಿ ಖಾಲಿ ಇಟ್ಟರೆ ಶಾಲೆ ತೆರೆಯುವ ಹೊತ್ತಿಗೆ ಕೆಲವು ಏಳುವುದೇ ಇಲ್ಲ.